ಜೇಬಿಗಿಳಿದ ಬೆರಳು ಮತ್ತು ನಮ್ಮ ವಿಮಾನದ ಮೆತ್ತೆ

ಮಾನ್ಯ ವಿಮಾನ ಪರೀಕ್ಷಣಾಧಿಕಾರಿಗಳೇ,

ಮೊದಲು ತಪ್ಪೊಪ್ಪಿಗೆ. ನಿಮ್ಮ ಕಚೇರಿಯ ಹೊರಗೆ ಸಾರ್ವಜನಿಕರು ಕಾಯಲೆಂದೇ ಹಾಕಿರುವ ಉದ್ದನೆಯ ಬೆಂಚಿನ ಎಡತುದಿಯಲ್ಲಿ ರೆಕ್ಸಿನ್ ಹರಿದು ಹಳದಿ ಸ್ಪಂಜು ಇಣುಕುತ್ತಿತ್ತಲ್ಲ, ಅದರಲ್ಲಿ ಒಂದು ಹಿಡಿ ಕಿತ್ತು ಜೇಬಿಗೆ ಹಾಕಿಕೊಂಡವನು ನಾನೇ. ಯಾರ ಪ್ರಚೋದನೆಯೂ ಇರಲಿಲ್ಲ; ಪಶ್ಚಾತ್ತಾಪವೂ ಅಷ್ಟಾಗಿ ಇಲ್ಲ. ಸರ್ಕಾರಿ ಆಸ್ತಿಯ ಅಪಹರಣಕ್ಕೆ ಕಾನೂನು ಏನು ಹೇಳುತ್ತದೋ ಅದಕ್ಕೆ ತಲೆಬಾಗುತ್ತೇನೆ. ತಲೆ ಬಾಗುವ ಕಡೆ ಚೂಪಾದ ತಗಡಿನ ಅಂಚು ಇರಬಾರದು ಎಂಬುದಷ್ಟೇ ನನ್ನ ವಾದ. ಈ ಪತ್ರವೂ ಅದರ ಬಗ್ಗೆಯೇ.

ನಮ್ಮ ವಿಮಾನದೊಳಗಿನ ತಗಡಿನ ಅಂಚಿಗೆ ನೀವೇ ಹೇಳಿ ಹಾಕಿಸಿದ ಮೆತ್ತೆಯನ್ನು ಕಿತ್ತುಹಾಕಬೇಕೆಂದು ನೀವೇ ಆದೇಶ ಕಳಿಸಿದ್ದೀರಿ. ಕೀಳದಿದ್ದರೆ ನಮ್ಮ ವಿಮಾನ ಹಾರಲು ನಿಮ್ಮ ಅನುಮತಿ ಇಲ್ಲ. ಕಿತ್ತರೆ ನನ್ನ ಹೆಂಡತಿಯ ಅನುಮತಿ ಇಲ್ಲ. "ಮೆತ್ತೆ ಹೋದರೆ ನಾನಂತೂ ಕೂರಲ್ಲ, ನೀವೂ ಕೂರೋ ಹಾಗಿಲ್ಲ," ಎಂದು ಅವಳು ಕಾಕ್‌ಪಿಟ್ಟಿನ ಬಾಗಿಲ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಿದ್ದಾಳೆ. ಎರಡು ಸರ್ಕಾರಗಳ ನಡುವೆ ಸಿಕ್ಕಿಬಿದ್ದ ಪ್ರಜೆಯ ಪಾಡು ನಿಮಗೆ ಹೇಗೆ ಹೇಳಲಿ?

ಇದು ಬಹಿರಂಗ ಪತ್ರವಾದ್ದರಿಂದ ಓದುಗರಿಗೆ ನಮ್ಮ ಪರಿಚಯ ಆಗಬೇಕು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವನು. ಹುಡುಗರು ಇಟ್ಟ ಹೆಸರು ಗಾಳಿ ಮೇಷ್ಟ್ರು. ನನ್ನ ಹೆಂಡತಿ ಕಾರಿನ ಸೀಟು, ಸೋಫಾ ಹೊಲಿಯುತ್ತಾಳೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಬಾಗಿಲ ಕಡೆಯ ಅರ್ಧ ಅವಳದು, ಒಳಗಿನ ಅರ್ಧದಲ್ಲಿ ನಾವಿಬ್ಬರೂ ಸೇರಿ ಕಟ್ಟಿದ ಎರಡು ಸೀಟಿನ ಪುಟ್ಟ ವಿಮಾನ. ಹೀಗೆ ಒಂದೇ ಸೂರಿನಡಿ ಕೂರುವ ವಸ್ತುವೂ ಹಾರುವ ವಸ್ತುವೂ ತಯಾರಾಗುತ್ತವೆ. ಕೂರುವ ವಸ್ತು ಗಿರಾಕಿಯ ಮನೆಗೆ ಹೊರಟುಹೋಗುತ್ತದೆ. ಹಾರುವ ವಸ್ತು ಕೂತೇ ಇದೆ.

ಮೊದಲ ಸಲ ನೀವು ಅಧಿಕಾರಿಯಂತೆ ಬರಲಿಲ್ಲ, ನೆಂಟರಂತೆ ಬಂದಿರಿ. ಬೂಟು ಬಿಚ್ಚಿಟ್ಟು ಸೀಟಿಗೆ ಹತ್ತಿದಿರಿ. ವಿಮಾನ ನಡೆಸುವ ಕೋಲನ್ನು ಹಿಂದೆ ಮುಂದೆ ಆಡಿಸಿ, ಬಾಲದ ಹಲಗೆ ಏಳುವುದನ್ನೂ ಬೀಳುವುದನ್ನೂ ಕತ್ತು ಹೊರಳಿಸಿ ನೋಡಿ ಮಗುವಿನ ಹಾಗೆ ನಕ್ಕಿರಿ. ಇಳಿಯುವಾಗ ಆಸರೆಗೆಂದು ಮೀಟರುಗಳ ಪ್ಯಾನೆಲ್ಲಿನ ಕೆಳಗಿನ ಅಂಚು ಹಿಡಿದಿರಿ. ಅದು ಬರೀ ಅಲ್ಯುಮಿನಿಯಂ ತಗಡು. ತೂಕ ಉಳಿಯಲಿ ಎಂದು ನಾನು ಅಂಚನ್ನು ಹಾಗೇ ಬಿಟ್ಟಿದ್ದೆ. ತೂಕ ಉಳಿಯಿತು, ನಿಮ್ಮ ತೋರುಬೆರಳು ಉಳಿಯಲಿಲ್ಲ.

"ಅಯ್ಯೋ ಸಾರ್, ರಕ್ತ!" ಎಂದು ನನ್ನವಳು ಹೊಲಿಗೆ ಮೆಷಿನ್ ಬಿಟ್ಟು ಓಡಿಬಂದು, ಸೋಫಾ ಬಟ್ಟೆಯ ಚೂರನ್ನೇ ಸುತ್ತಿ ಕಟ್ಟಿದಳು.

"ಏನೂ ಆಗಿಲ್ಲಮ್ಮಾ," ಎಂದಿರಿ ನೀವು, ಹೂವಿನ ಚಿತ್ತಾರದ ಬೆರಳನ್ನು ಎತ್ತಿ ಹಿಡಿದು. "ಆದರೆ ಮೇಷ್ಟ್ರೇ, ಬೆರಳಿಗೇ ಹೀಗಾದರೆ ಹಣೆ ಬಡಿದಾಗ ಏನು ಗತಿ? ಇದಕ್ಕೆ ಮೆತ್ತೆ ಹಾಕಿಸಿ. ಮೇಲಿನ ಅಂಚಿಗೂ ಹಾಕಿಸಿ."

"ನೀವು ಒಪ್ಪಿದ ನಕ್ಷೆಯಲ್ಲಿ ಇಲ್ಲವಲ್ಲ ಸಾರ್?" ಎಂದೆ.

"ನಾನಿದೀನಲ್ಲ!"

ನಾನಿದೀನಲ್ಲ. ನಮ್ಮ ಭಾಷೆಯಲ್ಲಿ ಇದಕ್ಕಿಂತ ಮೆತ್ತಗಿನ ಮೆತ್ತೆ ಇನ್ನೊಂದಿಲ್ಲ. ನಾವಿಬ್ಬರೂ ಅದಕ್ಕೇ ಒರಗಿದೆವು.

ಬೆಂಚಿನ ಸ್ಪಂಜಿನ ಕಥೆ ಇಲ್ಲಿ ಬರುತ್ತದೆ. ನಿಮ್ಮ ಕಚೇರಿಯ ಹೊರಗೆ ಕಾಯುತ್ತ ಕೂತಾಗ, ಇಷ್ಟೊಂದು ಜನರ ಭಾರ ತಡೆದಿರುವ ವಸ್ತು ನನ್ನ ಹಣೆಯ ಭಾರ ತಡೆಯದೇ ಎಂದು ಆಸೆಯಾಯಿತು. ಮನೆಗೆ ತಂದು ಕಡ್ಡಿ ಗೀರಿ ಪರೀಕ್ಷಿಸಿದೆ. ಭಗ್ಗೆಂದು ಹತ್ತಿ, ಕರಗಿ, ಕಪ್ಪು ಹೊಗೆ ಕಕ್ಕಿತು. (ನಾಗರಿಕರನ್ನು ನೀವು ಯಾವುದರ ಮೇಲೆ ಕೂರಿಸಿದ್ದೀರೆಂದು ಒಮ್ಮೆ ಯೋಚಿಸಿ.) ಆಮೇಲೆ ಬೆಂಕಿ ಹಿಡಿದರೂ ತಾನಾಗಿ ಆರುವ ಗಟ್ಟಿ ಫೋಮ್ ಹುಡುಕಿ ತಂದೆವು. ಕೆಳಗಿನ ಅಂಚಿಗೆ ರಬ್ಬರ್ ಪೈಪನ್ನು ಉದ್ದಕ್ಕೆ ಸೀಳಿ ಸಿಕ್ಕಿಸಿದೆವು. ಮೇಲಿನ ಅಂಚಿಗೆ ಫೋಮಿಟ್ಟು, ಬಿಸಿಲು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯದ ಹಾಗೆ ಮಾಸಲು ಕಪ್ಪು ಚರ್ಮ ಹೊದಿಸಿದಳು ನನ್ನವಳು. ಹೊಲಿಗೆ ಹೊರಗೆ ಕಂಡರೆ ತನ್ನ ಕಸುಬಿಗೆ ಅವಮಾನ ಎಂದು ಬಿಚ್ಚಿ ಮತ್ತೆ ಹೊಲಿದಳು. ಒಂದು ಮೀಟರಿನ ಮುಖವನ್ನೂ ಮುಚ್ಚಲಿಲ್ಲ, ಒಂದು ಗುಂಡಿಗೂ ಅಡ್ಡ ಬರಲಿಲ್ಲ.

ಅದರ ಉಪಯೋಗಕ್ಕೆ ನನ್ನ ಹಣೆಯೇ ಸಾಕ್ಷಿ. ನಾನು ಸೀಟಿನಲ್ಲಿದ್ದೆ. ಕೈಯಲ್ಲಿ ಕೋಲು, ಕಿವಿ ತುಂಬ ಎಂಜಿನ್ ಸದ್ದು, ಇಳಿಯುವ ಹೊತ್ತು. ಸೊಂಟದ ಪಟ್ಟಿ ಬಿಗಿದಿತ್ತು, ಭುಜದ ಪಟ್ಟಿ ಇನ್ನೂ ಕೂರಿಸಿರಲಿಲ್ಲ. ಇದ್ದಕ್ಕಿದ್ದ ಹಾಗೆ ದೇಹ ಮುಂದಕ್ಕೆ ಮಡಚಿತು, ಹಣೆ ಹೋಗಿ ನೇರ ಆ ಅಂಚಿಗೇ ಬಡಿಯಿತು. ಮೆತ್ತೆ ಇದ್ದದ್ದಕ್ಕೆ ಬರೀ ಒಂದು ಬುಗುಟು. ಇಲ್ಲದಿದ್ದರೆ ನನ್ನ ಹಣೆಬರಹವನ್ನು ತಗಡೇ ಬರೆದುಬಿಡುತ್ತಿತ್ತು. ಚಾಲಕನಿಗೆ ಬೇಕಾದ ಎಚ್ಚರ ನನಗೆ ರಕ್ತಗತ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಂಥ ನನಗೇ ಹೀಗಾದರೆ ಉಳಿದವರ ಗತಿ?

ಎರಡನೆಯ ಸಲ ನೀವು ಮೇಲಧಿಕಾರಿಯ ಹಿಂದೆ ಬಂದಿರಿ. ಬೂಟು ಬಿಚ್ಚಲಿಲ್ಲ. ಅವರು ನಕ್ಷೆ ಬಿಡಿಸಿ, ಮೆತ್ತೆಯನ್ನು ಒತ್ತಿ ನೋಡಿ, "ಇದೇನಿದು? ಇದರಲ್ಲಿ ಇಲ್ಲವಲ್ಲ," ಎಂದರು. ನಾನು ನಿಮ್ಮ ಮುಖ ನೋಡಿದೆ. ನೀವು ಬಾಲದ ಚಕ್ರ ನೋಡಿದಿರಿ.

"ಈ ಸಾರೇ ಹಾಕಿಸಿ ಅಂದಿದ್ದು," ಎಂದಳು ನನ್ನವಳು.

"ನಾನೆಲ್ಲಿ ಹೇಳಿದೆ ಮೇಡಂ? ಬರಹದಲ್ಲಿ ಏನಾದರೂ ಇದೆಯಾ?"

"ಬರಹ ನಿಮ್ಮ ಬೆರಳ ಮೇಲೇ ಇದೆ. ತೋರಿಸಿ ಸಾರ್."

ನೀವು ಕೈಯನ್ನು ಜೇಬಿಗೆ ಹಾಕಿದಿರಿ.

ಮಾನ್ಯರೇ, ಆ ಆದೇಶ ನನ್ನನ್ನು ಅಷ್ಟು ನೋಯಿಸಲಿಲ್ಲ. ಆದೇಶ ಹೊರಡಿಸುವುದು ಕಚೇರಿಯ ಸ್ವಭಾವ. ನೋಯಿಸಿದ್ದು ಆ ಜೇಬು. ಅಮ್ಮಾ ಎಂದು ಕರೆದು ಬೆರಳು ಕಟ್ಟಿಸಿಕೊಂಡವರು ಅದೇ ಬೆರಳನ್ನು ಅವಳಿಂದ ಬಚ್ಚಿಟ್ಟು ಮೇಡಂ ಎಂದಿರಲ್ಲ! ನೀವು ಹೋದ ಮೇಲೆ ಅವಳು ಯಾವುದೋ ಸೋಫಾದ ಮೊಳೆಗಳನ್ನು ಒಂದೊಂದಾಗಿ ಕೀಳುತ್ತ ಕೂತಳು. ನಾನು ನಿಮ್ಮ ಬೆಂಚಿನ ಸ್ಪಂಜನ್ನು ಜೇಬಿಗಿಳಿಸಿದೆ, ನೀವು ನಮ್ಮ ಶೆಡ್ಡಿನಲ್ಲಿ ನಿಂತು ಸತ್ಯವನ್ನೇ ಜೇಬಿಗಿಳಿಸಿದಿರಿ. ಇಬ್ಬರಲ್ಲಿ ದೊಡ್ಡ ಕಳ್ಳ ಯಾರು?

ಆ ಫೋಮ್ ಸರಿಯಿಲ್ಲ ಎಂದಿದ್ದರೆ ಬದಲಿಸುತ್ತಿದ್ದೆ. ಅಂಟು ಸಾಲದು ಎಂದಿದ್ದರೆ ಇನ್ನೊಂದು ಕೋಟು ಬಳಿಯುತ್ತಿದ್ದೆ. ನೀವು ಯಾವುದನ್ನೂ ಹೇಳಲಿಲ್ಲ. ಕೇಳಿದ್ದಕ್ಕೆ "ನೋಡೋಣ, ಮೇಲಿನವರು ಹೇಳಬೇಕು" ಎಂದಿರಿ. ವಿಮಾನ ಹಾರಿಸಲು ಬಂದವನಿಗೆ ಸಿಕ್ಕಿದ್ದು ಹಾರಿಕೆಯ ಉತ್ತರ. ನಕ್ಷೆಯಲ್ಲಿ ಮೆತ್ತೆ ಇಲ್ಲ ನಿಜ. ನಕ್ಷೆಯಲ್ಲಿ ಹಣೆಯೂ ಇಲ್ಲವಲ್ಲ ಸ್ವಾಮಿ! ಹಾಗಂತ ಅದನ್ನೂ ಕಿತ್ತಿಟ್ಟು ಹತ್ತಬೇಕೇ?

ನನ್ನ ಬೇಡಿಕೆ ಸಣ್ಣದು. ಅದೇ ಮೇಲಧಿಕಾರಿಯ ಜೊತೆ ಇನ್ನೊಮ್ಮೆ ಬನ್ನಿ. ಜೇಬಿನಿಂದ ಕೈ ತೆಗೆಯಿರಿ. "ನಾನೇ ಹೇಳಿದ್ದು" ಎಂದು ನನ್ನ ಹೆಂಡತಿಯ ಎದುರಿಗೆ ಹೇಳಿ, ಮೆತ್ತೆಯನ್ನು ನಕ್ಷೆಗೆ ಸೇರಿಸಿ, ಹಾರಲು ಬಿಡಿ. ಬೆಂಚಿಗೆ ಹೊಸ ರೆಕ್ಸಿನ್ ಅವಳೇ ಹೊಲಿದುಕೊಡುತ್ತಾಳಂತೆ.

ಇಲ್ಲಿಗೆ ಪತ್ರ ಮುಗಿಯಬೇಕಿತ್ತು. ಕಳಿಸುವ ಮೊದಲು ಅವಳಿಗೆ ಓದಿ ಹೇಳಿದ್ದೇ ತಪ್ಪಾಯಿತು.

"ರೀ, ಇಳಿಯುವ ಹೊತ್ತು ಅಂತ ಬರೆದಿದೀರಲ್ಲ, ಎಲ್ಲಿಂದ ಇಳೀತಿದ್ರಿ?"

"ಸಂದರ್ಭಕ್ಕೆ ಸ್ವಲ್ಪ ಗಾಂಭೀರ್ಯ ಬೇಕಲ್ಲವೇನೇ?"

"ಅವರಿಗೆ ನಿಜ ಹೇಳಿ ಅಂತ ಪತ್ರ ಬರೀತಾ ನೀವೇ ಬುರುಡೆ ಬಿಟ್ಟರೆ ಹೇಗೆ? ಬರೀರಿ, ಇದ್ದದ್ದು ಇದ್ದ ಹಾಗೆ."

ಬರೆಯುತ್ತೇನೆ. ವಿಮಾನ ಅಂದು ಶೆಡ್ಡಿನೊಳಗೇ ಇತ್ತು, ಚಕ್ರಗಳಿಗೆ ಮರದ ಅಡೆ ಕೊಟ್ಟಿತ್ತು. ವೇಗ ಸೊನ್ನೆ. ಮಧ್ಯಾಹ್ನದ ಊಟ ಮುಗಿಸಿ ಹತ್ತಿ ಕೂತಿದ್ದೆ; ಸ್ವಂತ ವಿಮಾನ ಕಟ್ಟುವವರೆಲ್ಲ ಗುಟ್ಟಾಗಿ ಹೀಗೆ ಕೂರುತ್ತಾರೆಂದು ಕೇಳಿದ್ದೇನೆ. ಎಂಜಿನ್ ಆರಿತ್ತು. ಕಿವಿ ತುಂಬಿದ್ದ ಆ ಸದ್ದು ಮೊದಮೊದಲು ನನ್ನ ಬಾಯಿಯದು, ಆಮೇಲೆ, ಹೊಲಿಗೆ ಮೆಷಿನ್ನಿನ ತನಕ ಕೇಳಿಸಿತಂತೆ, ನನ್ನ ಮೂಗಿನದು.

ಇಂತಿ,
ಇದನ್ನು ಬರೆಯುವಾಗಲಾದರೂ ಎಚ್ಚರವಾಗಿದ್ದ
ಗಾಳಿ ಮೇಷ್ಟ್ರು