ಪರದೆ ಎಳೆದ ಕೋಣೆಯಲ್ಲಿ ಬೆಳ್ಳಿ ಕಾಯ್ದ ಗಿಡಗಳು

ಮಾನ್ಯ ನಿರ್ದೇಶಕರೇ,

ಹದಿನಾಲ್ಕು ಕುಂಡಗಳು ನನ್ನ ಕೆಲಸ ಕಿತ್ತುಕೊಂಡಿವೆ. ಬರುವ ತಿಂಗಳಿನಿಂದ ನಮ್ಮ ವಸ್ತುಸಂಗ್ರಹಾಲಯದಲ್ಲಿ ಬೆಳ್ಳಿ ಉಜ್ಜುವವನ ಹುದ್ದೆ ಇರುವುದಿಲ್ಲವೆಂದು ತಾವು ಸಹಿ ಮಾಡಿದ ಆದೇಶ ನೋಟಿಸ್ ಬೋರ್ಡಿನ ಮೇಲಿದೆ. ಕಾರಣವನ್ನೂ ಬರೆದಿದ್ದೀರಿ: ಬೆಳ್ಳಿ ಕೋಣೆಯಲ್ಲಿಟ್ಟ ಗಿಡಗಳು ಬೆಳ್ಳಿಯನ್ನು ಕಪ್ಪಾಗಿಸುವ ಗಾಳಿಯಲ್ಲಿನ ಸಲ್ಫೈಡನ್ನು ಹೀರಿ, ಆಮ್ಲಜನಕ ಸೇರಿಸಿ ಉತ್ಕರ್ಷಿಸುತ್ತವೆ, ಆರು ತಿಂಗಳ ಪ್ರಯೋಗದಲ್ಲಿ ಒಂದು ಪಾತ್ರೆಯೂ ಕಪ್ಪಾಗಿಲ್ಲ, ಆದ್ದರಿಂದ ಉಜ್ಜುವವನು ಅನಗತ್ಯ. ಇಪ್ಪತ್ತೆರಡು ವರ್ಷ ಉಜ್ಜಿದವನನ್ನು ಕರೆದು ಒಂದು ಮಾತು ಹೇಳಬಾರದಿತ್ತೇ? ಆ ಗಿಡಗಳನ್ನಾದರೆ ತಾವು ದಿನಾ ಬೆಳಿಗ್ಗೆ ಎಲೆ ಸವರಿ "ಹೇಗಿದ್ದೀರಪ್ಪಾ?" ಎಂದು ವಿಚಾರಿಸುತ್ತಿದ್ದಿರಿ. ನನ್ನ ಕಿವಿಯಾರೆ ಕೇಳಿದ್ದೇನೆ.

ಮುಚ್ಚಿಡುವುದೇಕೆ, ನನಗೆ ಹೊಟ್ಟೆಕಿಚ್ಚು. ಗಿಡಗಳ ಮೇಲೂ ಹೊಟ್ಟೆಕಿಚ್ಚು, ಅವುಗಳ ಉಸ್ತುವಾರಿಗೆ ತಾವು ನೇಮಿಸಿದವಳ ಮೇಲೂ. ಅವಳು ನನ್ನ ಸ್ವಂತ ತಂಗಿ. ಅವಳಿಗೆ ಹಸಿರು ಏಪ್ರನ್ನು, ಎದೆಯ ಮೇಲೆ ಹೆಸರಿನ ಪಟ್ಟಿ. ನನಗೆ ಇಷ್ಟು ವರ್ಷಕ್ಕೆ ಸಿಕ್ಕ ಸಮವಸ್ತ್ರವೆಂದರೆ ಹತ್ತಿಯ ಕೈಗವಸು. ಚಿಕ್ಕಂದಿನಲ್ಲಿ ಲೆಕ್ಕ ಬಿಡಿಸಿಕೊಡು ಎಂದು ನನ್ನ ಹಿಂದೆ ಅಲೆಯುತ್ತಿದ್ದವಳು ಈಗ ಶಾಲೆಯ ಮಕ್ಕಳಿಗೆ ದ್ಯುತಿಸಂಶ್ಲೇಷಣೆಯ ಪಾಠ ಹೇಳುತ್ತಾಳೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತವೆ. ಅದೇ ಕೋಣೆಯ ಮೂಲೆಯಲ್ಲಿ ಬಟ್ಟೆ ಹಿಡಿದು ನಿಂತ ನನ್ನನ್ನು ಟೀಚರು ಕೇಳುವುದು, ಶೌಚಾಲಯ ಯಾವ ಕಡೆ ಎಂದು.

ಹಾಗಂತ ವಿಷಯ ತಿಳಿಯದೆ ಬರೆಯುತ್ತಿಲ್ಲ. ಕಟ್ಟಡದ ಹಿಂದಿನ ಚರಂಡಿಯಿಂದ ಕೊಳೆತ ಮೊಟ್ಟೆಯ ನಾತದ ಆ ಅನಿಲ ಒಳಗೆ ನುಸುಳುತ್ತದೆ. ನಮ್ಮ ಮೂಗಿಗೆ ತಿಳಿಯದಷ್ಟು ಕಡಿಮೆಯಿದ್ದರೂ ಬೆಳ್ಳಿಗೆ ತಿಳಿಯುತ್ತದೆ, ಕಪ್ಪಾಗುತ್ತದೆ. ಒಂದು ಭಾನುವಾರ ತಂಗಿ ಮನೆಗೆ ಬಂದಾಗ ಕೆಣಕಿಯೇ ಕೇಳಿದೆ.

"ಅದೇನು ಮಹಾ ಮಾಡುತ್ತಂತೆ ನಿನ್ನ ಗಿಡ?"

"ಎಲೆ ಆ ಗಾಳೀನ ಒಳಗೆ ಎಳ್ಕೊಳ್ಳುತ್ತೆ ಅಣ್ಣಾ. ಅದರಲ್ಲಿರೋ ಗಂಧಕ ಒಂದಿಷ್ಟು ತನ್ನ ಬೆಳವಣಿಗೆಗೆ ಇಟ್ಕೊಳ್ಳುತ್ತೆ. ಇನ್ನೊಂದಿಷ್ಟಕ್ಕೆ, ಬೆಳಕಲ್ಲಿ ಆಹಾರ ಮಾಡ್ಕೊಳ್ಳೋವಾಗ, ಆಮ್ಲಜನಕ ಸೇರಿಸಿ ಸಲ್ಫೇಟ್ ಮಾಡುತ್ತೆ. ಆಮೇಲೆ ಅದು ಬೆಳ್ಳಿ ತಂಟೆಗೆ ಬರಲ್ಲ."

"ಬೆಳಕಲ್ಲಿ?"

"ಮತ್ತೆ? ಎಲೆ ಹಸಿರಿನ ಮೇಲೆ ಬೆಳಕು ಬಿದ್ರೆ ತಾನೆ ಆ ಕೆಲಸ ನಡೆಯೋದು..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಏಕೆಂದರೆ ಬೆಳ್ಳಿ ಕೋಣೆಯ ಪರದೆಗಳನ್ನು ಯಾರೂ ತೆರೆಯುವುದಿಲ್ಲ. ಎದುರು ಗೋಡೆಯ ಹಳೆಯ ಮಖಮಲ್ ನಿಲುವಂಗಿಗಳ ಬಣ್ಣ ಮಾಸುತ್ತದೆಂದು ತಮ್ಮದೇ ಕಟ್ಟಪ್ಪಣೆ. ಹಗಲಲ್ಲೂ ಅಲ್ಲಿ ಒಂದು ಮಂಕು ದೀಪವೇ ಗತಿ.

ಹೊಟ್ಟೆಕಿಚ್ಚಿನವನಷ್ಟು ಶ್ರದ್ಧೆಯಿಂದ ಯಾವ ಸಮಿತಿಯೂ ಪರೀಕ್ಷೆ ಮಾಡಲಾರದು. ಮನೆಯಲ್ಲಿ ಮೂರು ಗಾಜಿನ ಭರಣಿ ಇಟ್ಟೆ. ಮೂರರಲ್ಲೂ ಒಂದೊಂದು ಬೆಳ್ಳಿ ಚಮಚ, ಒಂದು ಮುಚ್ಚಳದಷ್ಟು ಚರಂಡಿ ಕೆಸರು. "ಚರಂಡೀನೇ ಮನೆಗೆ ತಂದ್ರಲ್ಲ, ತಲೆ ನೆಟ್ಟಗಿದೆಯಾ?" ಎಂದಳು ಹೆಂಡತಿ. ಒಂದು ಭರಣಿಯಲ್ಲಿ ಗಿಡ ಇಟ್ಟು ಕಿಟಕಿಗೆ, ಒಂದರಲ್ಲಿ ಗಿಡ ಇಟ್ಟು ಬೀರುವಿನೊಳಕ್ಕೆ, ಗಿಡವಿಲ್ಲದ ಮೂರನೆಯದು ಮತ್ತೆ ಕಿಟಕಿಗೆ. ಹತ್ತು ದಿನಕ್ಕೆ ಬೀರುವಿನ ಚಮಚ ಇದ್ದಿಲು. ಗಿಡವಿಲ್ಲದ್ದೂ ಇದ್ದಿಲು. ಕಿಟಕಿಯಲ್ಲಿ ಗಿಡದ ಜೊತೆಗಿದ್ದ ಚಮಚ ಮಾತ್ರ ತುಸು ಹಳದಿಗೆ ತಿರುಗಿತ್ತು, ಅಷ್ಟೆ. ಮೂರೂ ಕಪ್ಪಾಗಲಿ ಎಂದು ಹಾರೈಸಿದವನು ನಾನು. ಆದರೂ ಕಂಡದ್ದನ್ನು ಬರೆಯುತ್ತಿದ್ದೇನೆ: ಬೆಳಕಿದ್ದರೆ ಗಿಡ ಕೆಲಸ ಮಾಡುತ್ತದೆ.

ಹಾಗಾದರೆ ಕತ್ತಲ ಕೋಣೆಯಲ್ಲಿ ಆರು ತಿಂಗಳು ಬೆಳ್ಳಿ ಹೊಳೆದದ್ದು ಹೇಗೆ, ಸ್ವಾಮೀ?

ನಾನು ಉಜ್ಜಿದೆ. ಪ್ರಯೋಗ ಮುಗಿಯುವವರೆಗೆ ಪಾತ್ರೆಗಳನ್ನು ಮುಟ್ಟಕೂಡದೆಂದು ತಾವು ಹೇಳಿದ್ದು ನಿಜ. ಮೊದಲ ವಾರವೇ ಹೂಜಿಯ ಹಿಡಿಯಲ್ಲಿ ಕಂದು ಕಲೆ ಕಂಡಿತು. ಬುದ್ಧಿ ಇದ್ದವನಾದರೆ ಸುಮ್ಮನಿದ್ದು, ಗಿಡಗಳ ಮಾನ ಹೋಗುವುದನ್ನು ನೋಡಿ ನಗುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಆ ಕಲೆ ನೋಡಿದವರು ಉಜ್ಜುವವನನ್ನು ಬೈಯುತ್ತಾರೆಯೇ ಹೊರತು ಗಿಡವನ್ನಲ್ಲ ಎನಿಸಿತು. ಅಂದಿನಿಂದ ದಿನಾ ಬಾಗಿಲು ತೆರೆಯುವ ಮುಂಚೆ ಬಂದು ಉಜ್ಜಿದೆ. ಮಕ್ಕಳು ಎಲೆಗಳನ್ನು ಹೊಗಳಿದ ದಿನ ಎರಡು ಸಲ ಉಜ್ಜಿದೆ. ಒಂದು ಕುಂಡದೆದುರು ಸೋಲಬಾರದೆಂಬ ಹಟದಲ್ಲಿ ಆ ಕುಂಡವನ್ನೇ ಗೆಲ್ಲಿಸಿ ಕೂತೆ.

ತಮ್ಮ ಸಮಿತಿ ಮೂರು ಸಲ ಬಂದು ಭೂತಗನ್ನಡಿ ಹಿಡಿದು ನೋಡಿತು. ಕೆತ್ತನೆಯ ಸಂದಿಯಲ್ಲಿ ಉಳಿದಿದ್ದ, ನಾನು ಉಜ್ಜಲು ಬಳಸಿದ ಸೀಮೆಸುಣ್ಣದ ಪುಡಿಯನ್ನು 'ಪರಾಗ' ಎಂದು ದಾಖಲಿಸಿತು. ಒಮ್ಮೆಯೂ ಹೂ ಬಿಡದ ಗಿಡಗಳ ಪರಾಗ! ಇಂಥ ವಿದ್ವಾಂಸರಿಗೆ ನಾನೇನು ಹೇಳಲಿ?

ಆದೇಶ ಬಂದ ದಿನ ತಂಗಿಯನ್ನು ನೇರವಾಗಿ ಕೇಳಿದೆ: "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀನು ಉಜ್ಜಿದ್ದು ನನಗೆ ಗೊತ್ತಾಗಲ್ವಾ?" ಎಂದಳು. "ಬಾಯಿ ಬಿಟ್ರೆ ನನ್ನ ಕೆಲಸ ಹೋಗುತ್ತೆ ಅಂತ ಸುಮ್ನಿದ್ದೆ ಅಣ್ಣಾ. ನಿನ್ನದು ಹೋಗುತ್ತೆ ಅಂತ ನನಗೇನು ಗೊತ್ತು?"

ಅವಳು ಅತ್ತಳು. ನನಗೆ ಒಂದು ಗಳಿಗೆ ಸಮಾಧಾನವಾಯಿತು, ಮರುಗಳಿಗೆಯೇ ನಾಚಿಕೆಯಾಯಿತು. ಈ ಪತ್ರವನ್ನು ಅವಳಿಗೆ ಓದಿ ಹೇಳಿಯೇ ತಮಗೂ, ಪ್ರಕಟಣೆಗೆಂದು ಪತ್ರಿಕೆಗೂ ಕಳಿಸುತ್ತಿದ್ದೇನೆ. "ಒಂದಕ್ಷರಾನೂ ತೆಗೀಬೇಡ" ಎಂದಿದ್ದಾಳೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆದೇಶವನ್ನು ತಡೆಹಿಡಿಯಿರಿ. ನಿಲುವಂಗಿಗಳನ್ನು ಬೇರೆ ಕೋಣೆಗೆ ಸಾಗಿಸಿ, ಪರದೆ ತೆರೆಸಿ, ಗಿಡಗಳನ್ನು ಕಿಟಕಿಯ ಪಕ್ಕಕ್ಕಿಡಿಸಿ. ತಂಗಿಯೇ ನೋಡಿಕೊಳ್ಳಲಿ, ಅವಳಿಗೆ ಆ ಕೆಲಸ ಬರುತ್ತದೆ. ಮೂರು ತಿಂಗಳು ಮತ್ತೆ ಪ್ರಯೋಗ ನಡೆಯಲಿ. ಬೆಳ್ಳಿ ಹೊಳೆಯುತ್ತಲೇ ಇದ್ದರೆ ನಾನಾಗಿಯೇ ಹೊರಟುಹೋಗುತ್ತೇನೆ. ಕಪ್ಪಾದರೆ ನನ್ನ ಹುದ್ದೆ ನನಗೆ ಬೇಕು. ಆದರೆ ಇವತ್ತೇ ಬೆಳ್ಳಿ ಪಾತ್ರೆಗಳಿರುವ ಬೀರುಗಳ ಕೀಲಿಕೈಯನ್ನು ನನ್ನಿಂದ ಕಿತ್ತುಕೊಳ್ಳಿ. ನಾನು ಬಂದು ಬೇಡಿಕೊಂಡರೂ, ಬಾಗಿಲಲ್ಲಿ ಕೂತು ಅತ್ತರೂ, ಕೊಡಬೇಡಿ.

ಇಂತಿ,
ತಮ್ಮ ಗಿಡಗಳ ಕೀರ್ತಿಯನ್ನು ಆರು ತಿಂಗಳು ಕೈಯಾರೆ ಬೆಳಗಿದ
ಬೆಳ್ಳಿ ಉಜ್ಜುವವನು
(ಈ ತಿಂಗಳ ಕೊನೆಯವರೆಗೆ)