ಗಾಜಿನ ಮೇಲೆ ನನ್ನ ನಿದ್ದೆ

ಮನೆ, ಕುಲುಮೆಯ ಕೋಣೆ
ಫೆಬ್ರುವರಿ ೧೧, ಮಂಗಳವಾರ

ಮುದ್ದಿನ ಪುಟ್ಟೀ,

ಕೆಮ್ಮು ಕಡಿಮೆಯಾಯಿತೇ? ಗಾಜಿನ ಪುಡಿ ಜರಡಿ ಹಿಡಿಯುವಾಗ ಮುಖಗವಸು ಹಾಕಿಕೋ ಎಂದರೆ ಕೇಳುವವಳಲ್ಲ ನೀನು. ಅಪ್ಪ ಚೆನ್ನಾಗಿದ್ದಾರೆ. ಅಜ್ಜಿಯ ಮೊಣಕಾಲು ನೋವು ಹಾಗೇ ಇದೆ, ನಾಲಿಗೆ ಮಾತ್ರ ಚುರುಕು: "ಗಾಜನ್ನೇ ಕರಗಿಸೋಳಿಗೆ ನನ್ನ ಮೇಲೆ ಮನಸ್ಸು ಕರಗಲ್ವಾ? ಒಂದು ಫೋನಿಲ್ಲ!"

ನಿಮ್ಮ ಗಾಜಿನ ಕಲೆಯ ಪ್ರದರ್ಶನ ನಮ್ಮ ಊರಿಗೂ ಬಂದಿದೆ. "ಬರ್ಬೇಡಮ್ಮಾ, ನಂದು ಒಂದೇ ಒಂದು, ಅದೂ ಮೂಲೇಲಿ" ಎಂದಿದ್ದೆ ನೀನು. ನಿನಗೆ ಸಂಕೋಚ ಎಂದುಕೊಂಡು, ನಿನಗೆ ತಿಳಿಸದೆಯೇ ನಿನ್ನೆ ನೋಡಲು ಹೋದೆ. ಅದು ಮೂಲೆಯಲ್ಲಿರಲಿಲ್ಲ, ಬಾಗಿಲಿಗೆ ಎದುರಾಗಿಯೇ ಇತ್ತು. ಬಾಗಿಲಗಲದ ಗಾಜು, ಹಿಂದಿನಿಂದ ಬೆಳಕು. ಅದರ ಮೇಲೆ ಕಂದು ಬಣ್ಣದಲ್ಲಿ ಆಸ್ಪತ್ರೆಯ ಮಂಚ, ದಿಂಬು, ಕೂದಲಿಲ್ಲದ ತಲೆ, ತೆರೆದ ಬಾಯಿ. ಕೆಳಗೊಂದು ಚೀಟಿ: 'ಅಮ್ಮ, ನಿದ್ದೆಯಲ್ಲಿ'. ಕಾವಲಿನವನು ಪಕ್ಕಕ್ಕೆ ಬಂದು, "ಎಲ್ರೂ ಇಲ್ಲೇ ನಿಲ್ತಾರೆ ಮೇಡಂ. ಪಾಪ, ಆಯಮ್ಮ ಹೋಗ್ಬಿಟ್ರೋ ಏನೋ" ಎಂದ. "ಗೊತ್ತಿಲ್ಲಪ್ಪಾ" ಎಂದೆ.

ಆ ವರ್ಷ ನನಗೆ ಬಂದ ಕ್ಯಾನ್ಸರ್ ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಅಜ್ಜಿಯ ಪಾಲಿಗೆ ನಾನು ಗಾಜಿನ ಕೆಲಸದ ತರಬೇತಿಗೆಂದು ದೂರ ಹೋಗಿದ್ದೆ. ಅಪ್ಪನ ಎದುರಿಗೂ ಟೋಪಿ ಹಾಕಿಕೊಂಡೇ ಮಲಗುತ್ತಿದ್ದೆ, ನಿನ್ನೆದುರು ಮಾತ್ರ ತೆಗೆದಿಡುತ್ತಿದ್ದೆ. ನೀನು ತಲೆ ಸವರುತ್ತಾ ಕವಿತೆ ಓದುತ್ತಿದ್ದೆ, ನಾನು ಅರ್ಧಕ್ಕೇ ನಿದ್ದೆ ಹೋಗುತ್ತಿದ್ದೆ. ಆಮೇಲೆ ನೀನು ಫೋಟೋ ತೆಗೆಯುತ್ತಿದ್ದೆ ಎಂದು ಯಾರಿಗೆ ಗೊತ್ತು!

ಆದರೂ ಹೆಚ್ಚು ಕುಟುಕುತ್ತಿರುವುದು ಫೋಟೋ ಅಲ್ಲ, ನೀನು ಮಾಡಿದ ಆ ಫೋನು. ಈ ಕೆಲಸ ಕಲಿಸಿದವಳು ನಾನೇ. ಫೋಟೋ ಅಚ್ಚಾದ ಹಾಳೆಯನ್ನು ನೀರಲ್ಲಿ ನೆನೆಸಿ ಚಿತ್ರವನ್ನು ಗಾಜಿನ ಮೇಲೆ ಜಾರಿಸಿದ ಮೇಲೂ, ಕುಲುಮೆಗೆ ಹೋಗುವ ತನಕ ಅದನ್ನು ಒದ್ದೆ ಬೆರಳಿನಿಂದ ತೆಗೆದುಬಿಡಬಹುದು. ಒಮ್ಮೆ ಸುಟ್ಟರೆ ಅದು ಗಾಜಿನದ್ದೇ. ಸುಡುವ ಮುಂಚೆಯೇ ನೀನು ಕೇಳಿದ್ದು: "ಅಮ್ಮಾ, ಒಂದು ಮುಖ ಇದೆ, ಗುಳ್ಳೆ ಬರ್ಬಾರ್ದು, ಏನ್ ಮಾಡ್ಲಿ?" ಯಾರ ಮುಖವೇ ಎಂದರೆ, "ಯಾರೋ ವಯಸ್ಸಾದವ್ರದ್ದಮ್ಮಾ" ಎಂದೆ. ನಾನು ಖುಷಿಯಿಂದ ಹೇಳಿಕೊಟ್ಟೆ. ಎರಡು ಗಾಜುಗಳ ನಡುವೆ ಹಾಕಬೇಡ, ಮೇಲೇ ಇರಲಿ. ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆ. ರೆಪ್ಪೆಯ ಹತ್ತಿರ ಬೆರಳು ತಾಗಿಸಬೇಡ, ಹತ್ತಿಯಿಂದ ಒತ್ತು, ಪಾಪ, ವಯಸ್ಸಾದ ಜೀವ ಎಂದೆ. ನನ್ನ ಮುಖಕ್ಕೇ ಅಷ್ಟು ಮರುಗಿದ್ದೆ ನೋಡು. ನೀನು ಆ ಕಡೆ ಒಂದೊಂದನ್ನೂ ಬರೆದುಕೊಂಡೆ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಕೆಲಸ ಚೆನ್ನಾಗಿದೆ. ಒಂದು ಗುಳ್ಳೆಯೂ ಇಲ್ಲ. ಅದನ್ನು ಹೇಳದಿದ್ದರೆ ನಾನೂ ಸುಳ್ಳುಗಾರ್ತಿಯಾಗುತ್ತೇನೆ.

ಎಷ್ಟೇ ಸಿಟ್ಟಿದ್ದರೂ ನಿನಗೆ ಕೇಡು ಬಯಸುವುದು ನನ್ನಿಂದಾಗದು. ಹೊತ್ತಿಗೆ ಸರಿಯಾಗಿ ಊಟ ಮಾಡು. ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ. ಮೊಮ್ಮಗಳ ಕೆಲಸ ನೋಡಲೇಬೇಕೆಂದು ಅಜ್ಜಿ ಭಾನುವಾರಕ್ಕೆ ಆಟೋ ಹೇಳಿಬಿಟ್ಟಿದ್ದಾಳೆ, ಅಪ್ಪನ ಮಾತನ್ನೂ ಕೇಳುತ್ತಿಲ್ಲ. ಅಷ್ಟರೊಳಗೆ ಆ ಗಾಜನ್ನು ಅಲ್ಲಿಂದ ಇಳಿಸು. ಇಳಿಸಲು ಮನಸ್ಸಿಲ್ಲದಿದ್ದರೆ ಶನಿವಾರವೇ ಬಾ, ಅಜ್ಜಿಯ ಪಕ್ಕ ಕೂತು ಆ ವರ್ಷದ ವಿಷಯ ನೀನೇ ಹೇಳು. ನಾನು ಹೇಳುವುದಿಲ್ಲ.