ಕುಷ್ಟಗಿ ಕ್ಷೇತ್ರದ ಖಾಲಿ ಪೆಟ್ಟಿಗೆ

ಗಿಣಿಗೇರಾ
೧೪ ನವೆಂಬರ್ ೨೦೨೫

ಉಮಾಪತಿಯವರಿಗೆ ಲಲಿತಾಳ ನಮಸ್ಕಾರ.

ಇಲ್ಲಿ ಅಣ್ಣನ ಮನೆಯಲ್ಲಿ ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವುದಕ್ಕೆ ಈ ಪತ್ರವಲ್ಲ. ಫೋನಿನಲ್ಲಿ ನಿಮ್ಮ ದನಿ ಏರುತ್ತದೆ, ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ನಿಮ್ಮ ನಂಬರ್ ಬ್ಲಾಕ್ ಮಾಡಿದ್ದು. ಅವ್ವನಿಗೆ ಮೊಣಕಾಲು ನೋವು, ನೋಡಿಕೊಳ್ಳಲು ಬಂದಿದ್ದೇನೆ ಅಂತ ಊರಿಗೆಲ್ಲ ಹೇಳಿದ್ದೇನೆ. ಅದು ಹಾಗೇ ಇರಲಿ.

ಮೊನ್ನೆ ನಿಮ್ಮ ತಮ್ಮ ಶರಣಕುಮಾರ ಸೇಬುಹಣ್ಣು ಹಿಡಿದುಕೊಂಡು ಬಂದಿದ್ದ. ಸೋಮವಾರ ಕುಷ್ಟಗಿ ಕೋರ್ಟಿನಲ್ಲಿ ನನ್ನ ಸಾಕ್ಷಿಯಲ್ಲವೇ, ಪಾಠ ಹೇಳಿಕೊಡಲು ಕುಳಿತ. "ಆ ಹೊತ್ತಿನ್ಯಾಗ ಅಣ್ಣ ಮನ್ಯಾಗ ಊಟಕ್ಕ ಕುಂತಿದ್ದ ಅಂತ ಒಂದ ಮಾತ ಹೇಳಿಬಿಡ್ರಿ ವೈನಿ, ಎಲ್ಲಾ ಮುಗದ ಹೋಕೈತಿ" ಎಂದ. ಎಲ್ಲಾ ಮುಗಿಯುತ್ತದಂತೆ! ನಿಮ್ಮ ಏಟಿಗೆ ಹನುಮೇಶನ ಎಡಗಣ್ಣು ಮುಗಿದು ಒಂದೂವರೆ ವರ್ಷವಾಯಿತು. ಅಂದು ಓಟಿನ ಸಾಲಿನಲ್ಲಿದ್ದ ಹೆಂಗಸರೆಲ್ಲ ಕಟಕಟೆಯಲ್ಲಿ "ನಾವೇನೂ ನೋಡಿಲ್ರಿ" ಅಂದು ಇಳಿದು ಹೋಗಿದ್ದಾರೆ. ಉಳಿದವಳು ನಾನೊಬ್ಬಳು.

ನೀವು ಉಂಡಿದ್ದು ಖರೆ. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದವಳು ನಾನೇ. ಆದರೆ ಉಂಡಿದ್ದು ಹೊಡೆದು ಬಂದ ಮೇಲೆ.

ಮದುವೆಯಾಗಿ ಬಂದ ದಿನದಿಂದ ನಿಮ್ಮ ಮನೆಯ ಒಂದು ಕಥೆ ಕೇಳಿ ಕೇಳಿ ನನಗೆ ಸಾಕಾಗಿದೆ. ದೇಶದ ಮೊದಲ ಚುನಾವಣೆಯಲ್ಲಿ ಕುಷ್ಟಗಿ ಅಂತಲೇ ಒಂದು ಲೋಕಸಭಾ ಕ್ಷೇತ್ರವಿತ್ತು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತಿನ ಚಿತ್ರ. ನಿಮ್ಮ ಅಜ್ಜ ಮುದುಕಪ್ಪ ಓಣಿಯ ಹೆಂಗಸರಿಂದ ದೇವರ ಭಂಡಾರ ಮುಟ್ಟಿಸಿ, ನಮ್ಮ ಪಕ್ಷದ ಪೆಟ್ಟಿಗೆಗೇ ಓಟಿನ ಚೀಟಿ ಹಾಕುತ್ತೇವೆ ಅಂತ ಆಣೆ ಮಾಡಿಸಿದ್ದರು. ಎಣಿಕೆಯಲ್ಲಿ ನೋಡಿದರೆ ಪೆಟ್ಟಿಗೆ ಹೆಚ್ಚುಕಡಿಮೆ ಖಾಲಿ. ಬಾಗಿಲಲ್ಲಿ ಎದುರು ಪಕ್ಷದ ಏಜೆಂಟನಾಗಿ ನಿಂತಿದ್ದವನು ಹನುಮೇಶನ ಅಜ್ಜ ತಿಮ್ಮಣ್ಣ. ಚೀಟಿ ಕದ್ದವನು ಅವನೇ ಎಂದು ತೀರ್ಮಾನಿಸಿ, ಚಾವಡಿ ಕಟ್ಟೆಯ ಕಲ್ಲಿನ ಮೇಲೆ ಅವನ ಬಲಗೈ ಇಡಿಸಿ, ಹಾರೆಯಿಂದ ಜಜ್ಜಿದರು. ಎಲುಬು ಹೊರಗೆ ಬಂದಿತ್ತಂತೆ. ತಿಮ್ಮಣ್ಣ ಸಾಯುವವರೆಗೂ ನೇಗಿಲು ಹಿಡಿಯಲಿಲ್ಲ. ಇದನ್ನು ನಿಮ್ಮ ಮನೆಯಲ್ಲಿ ತೊಟ್ಟಿಲ ಕಾರ್ಯದಲ್ಲೂ ಹೇಳುತ್ತಾರೆ, ಮದುವೆಯಲ್ಲೂ ಹೇಳುತ್ತಾರೆ, ಹೇಳಿ ನಗುತ್ತಾರೆ.

ಮುಂದಿನ ಚುನಾವಣೆಗೆ ಕುಷ್ಟಗಿ ಕ್ಷೇತ್ರವೇ ಹೋಗಿ ಕೊಪ್ಪಳ ಕ್ಷೇತ್ರ ಬಂತು. ಕ್ಷೇತ್ರ ಹೋಯಿತು, ಹಗೆ ಹೋಗಲಿಲ್ಲ. ನಿಮ್ಮಪ್ಪ ತಿಮ್ಮಣ್ಣನ ಮನೆಯವರ ಬಣವೆಗೆ ಬೆಂಕಿ ಇಟ್ಟರು. ಅವರು ನಿಮ್ಮ ಎತ್ತಿನ ಕಾಲು ಕಡಿದರು.

ಹೋದ ವರ್ಷ ಓಟಿನ ದಿನ ಶಾಲೆಯ ಗೇಟಿನ ಹತ್ತಿರ ನೀವೇ ಮೊದಲು ಬಾಯಿ ತೆರೆದಿರಿ. "ಇವನ ಮುತ್ಯಾ ಕೈ ಮುರಸ್ಕೊಂಡದ್ದು ನಮ್ಮ ಮುತ್ಯಾನ ಕಡಿಂದ" ಅಂತ ನಾಲ್ಕು ಜನರಿಗೆ ಕೇಳುವ ಹಾಗೆ ಅಂದಿರಿ. ಹನುಮೇಶ ನಕ್ಕ. "ಆ ಕ್ಷೇತ್ರ ಸತ್ತು ಮಣ್ಣಾಗಿ ಹೋತು, ನೀವಿನ್ನೂ ಅದರ ತಿಥಿ ಊಟಾ ಉಣ್ಣಾಕತ್ತೀರಿ" ಎಂದ. ಸುತ್ತಲಿನವರೂ ನಕ್ಕರು. ಈ ಮಾತೆಲ್ಲ ಆಮೇಲೆ ಜನ ಹೇಳಿದ್ದು, ಸಾಲಿನಲ್ಲಿದ್ದ ನನಗೆ ಕೇಳಿಸಿರಲಿಲ್ಲ. ನೀವು ಪೆಂಡಾಲಿನ ಕಬ್ಬಿಣದ ಪೈಪು ಕಿತ್ತಿರಿ. ಮೊದಲ ಏಟು ಭುಜಕ್ಕೆ, ಎರಡನೆಯದು ಮುಖಕ್ಕೆ. ಅವನು ಬಿದ್ದ ಮೇಲೂ ನೀವು ಬಿಡಲಿಲ್ಲ. ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದ, ಆ ಕೈಯ ಮೇಲೂ ಬಾರಿಸಿದಿರಿ. ಬೆರಳ ಸಂದಿಯಿಂದ ಬಂದದ್ದು ಬರೀ ರಕ್ತವಲ್ಲ. ನನ್ನ ಮುಂದೆ ನಿಂತಿದ್ದ ಹೆಂಗಸು ಅಲ್ಲೇ ವಾಂತಿ ಮಾಡಿಕೊಂಡಳು. ನಾನು "ಬ್ಯಾಡ್ರೀ" ಎಂದು ಕೂಗಿದೆ ಅಂದುಕೊಂಡಿದ್ದೆ. ದನಿ ಹೊರಗೆ ಬಂದೇ ಇರಲಿಲ್ಲವಂತೆ.

ಈಗ ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ. ನಮ್ಮ ಓಣಿಯ ಮುದುಕಿ ಹುಸೇನಬೀ, ಬಳೆಗಾರರ ಮನೆಯವಳು, ನಾನು ಊರು ಬಿಡುವ ದಿನ ಕರೆದು ಕೂರಿಸಿಕೊಂಡಳು. ಮೊದಲ ಚುನಾವಣೆಯ ದಿನ ಅವಳು ಲಂಗ ಉಟ್ಟ ಹುಡುಗಿ, ತಾಯಿಯ ಸೆರಗು ಹಿಡಿದು ಒಳಗೆ ಹೋಗಿದ್ದಳಂತೆ. ನಿಮ್ಮ ಅಜ್ಜಿ ಮತ್ತು ಓಣಿಯ ಹೆಂಗಸರು ಪರದೆಯ ಹಿಂದೆ ಹೋಗಿ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿದರು, ಹೂ ಏರಿಸಿದರು, ಕೈ ಮುಗಿದರು. ಆಣೆ ತೀರಿತು ಅಂದುಕೊಂಡರು. ಚೀಟಿಯನ್ನು ಮಾತ್ರ ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ತಂದರು. ನಮ್ಮ ಕಡೆ ಉಡಿಗೆ ಬಿದ್ದದ್ದನ್ನು ಯಾವ ಮುತ್ತೈದೆ ಅಲ್ಲೇ ಬಿಟ್ಟು ಬರುತ್ತಾಳೆ, ಹೇಳಿ? ಸರ್ಕಾರ ಉಡಿ ತುಂಬಿತು ಅಂತ ಚೀಟಿಗಳನ್ನು ದೇವರ ಜಗಲಿಯ ಮೇಲೆ ಇಟ್ಟರು. ತಿಮ್ಮಣ್ಣನ ಕೈ ಜಜ್ಜಿದ ಸುದ್ದಿ ಬಂದ ಕೂಡಲೇ ನಿಮ್ಮ ಅಜ್ಜಿ ಅವನ್ನೆಲ್ಲ ಒಲೆಗೆ ಹಾಕಿದರಂತೆ. "ಬಾಯಿ ಬಿಟ್ಟಿದ್ರ ಆ ಹಾರಿ ನಮ್ಮ ತೆಲಿ ಮ್ಯಾಲ ಬೀಳತಿತ್ತು, ಬೇಟಿ" ಎಂದಳು ಹುಸೇನಬೀ.

ಕದ್ದವರು ಯಾರೂ ಇಲ್ಲ. ನಿಮ್ಮ ಮನೆಯ ಪೆಟ್ಟಿಗೆ ಖಾಲಿ ಮಾಡಿದ್ದು ನಿಮ್ಮ ಮನೆಯ ಭಕ್ತಿ. ಅಷ್ಟಕ್ಕೆ ಅಲ್ಲಿ ಒಂದು ಕೈ, ಇಲ್ಲಿ ಒಂದು ಕಣ್ಣು. ನಿಮ್ಮ ವಂಶಕ್ಕೆ ಇಷ್ಟು ದೊಡ್ಡ ಹೆಮ್ಮೆ! ಥೂ, ಬರೆಯುವಾಗಲೂ ಮೈ ಉರಿಯುತ್ತದೆ.

ನೀವು ಜೈಲಿಗೆ ಹೋದರೆ ನನಗೆ ಖುಷಿ ಎಂದು ತಿಳಿಯಬೇಡಿ. ಹಾಳಾದ ಜೀವ, ಇನ್ನೂ ನಿಮ್ಮ ಕಡೆ ಎಳೆಯುತ್ತದೆ. ಶರಣಕುಮಾರ ಹೋದ ಮೇಲೆ ಅವನು ಹೇಳಿಕೊಟ್ಟ ಮಾತನ್ನು ಒಬ್ಬಳೇ ಹೇಳಿ ನೋಡಿದೆ, ಸಲೀಸಾಗಿ ಬಂತು. ಅದೇ ಭಯ. ಸೋಮವಾರ ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ಹೋಗುವುದಂತೂ ಹೋಗುತ್ತೇನೆ.

ಇಂತಿ,
ಇನ್ನೂ ನಿಮ್ಮ ಹೆಸರಿನ ತಾಳಿ ಕಟ್ಟಿಕೊಂಡಿರುವ
ಲಲಿತಾ

ತಾ.ಕ.: ಸೋಮವಾರ ಸಂಜೆ, ಕುಷ್ಟಗಿ ಬಸ್‌ಸ್ಟ್ಯಾಂಡು. ಶುಕ್ರವಾರ ಬರೆದದ್ದನ್ನು ಅಂಚೆಗೆ ಹಾಕಲು ಧೈರ್ಯವಾಗಿರಲಿಲ್ಲ, ಇಂದು ಹಾಕುತ್ತಿದ್ದೇನೆ. ಕೋರ್ಟಿನಲ್ಲಿ ನೀವು ತಲೆ ತಗ್ಗಿಸಿ ನಿಂತಿದ್ದಿರಿ, ನನ್ನ ದನಿಯೂ ಸಣ್ಣದಿತ್ತು. ಕೇಳಿಸಿತೋ ಇಲ್ಲವೋ ಅಂತ ಇಲ್ಲಿ ಮತ್ತೆ ಬರೆಯುತ್ತೇನೆ. ಅಷ್ಟು ಗದ್ದಲದಲ್ಲಿ, ಅಷ್ಟು ದೂರದಿಂದ, ಹೊಡೆದವನು ನಿನ್ನ ಗಂಡನೇ ಅಂತ ಹೇಗೆ ಗುರುತು ಹಿಡಿದೆ ಎಂದು ನಿಮ್ಮ ವಕೀಲರು ಕೇಳಿದರಲ್ಲ, ಅದಕ್ಕೆ ನಾನು ಹೇಳಿದ್ದು: "ಬೆನ್ನು ನನ್ನ ಕಡೆ ಇತ್ರಿ ಸಾಹೇಬ್ರ. ಕೈ ಎತ್ತಿದ ಕೂಡಲೇ ಗುರ್ತ ಸಿಕ್ಕಿತು. ಆ ಕೈ ಹೆಂಗ ಏಳತೈತಿ, ಎಲ್ಲಿ ಬೀಳತೈತಿ ಅಂತ ಮದುವಿ ಆದಾಗಿಂದ ನನ್ನ ಮೈಗೆ ಗೊತ್ತೈತ್ರಿ."